ಒಂದು ನೂಲು ಮೇಲೈತಿ

ನಿನ್ನೆ ರಾತ್ರಿ ದಾವಣಗೆರೆಯಲ್ಲಿ ಸುರಿದದ್ದು ಹೆಚ್ಚೆಂದರೆ ಕಾಲು ಗಂಟೆಯ ಮಳೆ. ಬೆಳಗ್ಗೆ ಹೊತ್ತಿಗೆ ರಸ್ತೆ ಒಣಗಿತ್ತು, ತಾರಸಿ ಒಣಗಿತ್ತು, ವರ್ಷವಿಡೀ ಒಣಗದ ನಮ್ಮ ಗಲ್ಲಿಯ ಗುಂಡಿಯೂ ಅರ್ಧ ಇಂಗಿತ್ತು. ನೀರು ನಿಂತದ್ದು ಒಂದೇ ಕಡೆ: ಸ್ಕೌಟ್ ದಳದ ಹಾಲ್‌ಗೆ ನಾವೇ ಬೆವರು ಸುರಿಸಿ ಸೇರಿಸಿದ ಹೊಸ ವರಾಂಡದಲ್ಲಿ. ಮೇಲೆ ಶೀಟು ಇನ್ನೂ ಬಂದಿಲ್ಲ, ಸುತ್ತ ಮೊಣಕಾಲೆತ್ತರದ ಕಟ್ಟೆ. ಈ ಮೂಲೆಯಿಂದ ಆ ಮೂಲೆಯವರೆಗೆ ಅರ್ಧ ಇಂಚು ನೀರು, ಎಲ್ಲ ಕಡೆ ಒಂದೇ ಸಮ. ಹಾಸಿಗೆಯಿಂದ ಏಳುವ ಮೊದಲೇ ಫೋನು ಬಂತು. "ನಿಮ್ ಮನಿ ಹತ್ರ ಐತಲ್ರೀ, ಒಂಚೂರು ಪೊರಕೆ ಹೊಡೆದು ಬಿಡ್ರಿ." ಸಾರ್ವಜನಿಕ ಕಟ್ಟಡದ ಪಕ್ಕ ಸೈಟ್ ತಗೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಲ್ ಸಾಲದೆ ಬಂದದ್ದು ನಿಜ. ಡೇರೆ, ಬಿದಿರು, ಹಗ್ಗ, ಪಾತ್ರೆಗಳು ಅರ್ಧ ಜಾಗ ತಿಂದರೆ, ಉಳಿದರ್ಧದಲ್ಲಿ ಮಕ್ಕಳ ಜತೆ ಬಡಾವಣೆಯ ನಾಮಕರಣ, ಸೀಮಂತ, ಸಂಘದ ಮೀಟಿಂಗು ಎಲ್ಲ ನಡೆಯಬೇಕು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಭಾನುವಾರಗಳಂದು ಶ್ರಮದಾನ ಮಾಡೋಣ ಅಂತ ತೀರ್ಮಾನವಾಯಿತು. ನಮ್ಮೂರಿನಲ್ಲಿ ಭಾನುವಾರದ ಶ್ರಮದಾನಕ್ಕೆ ಒಂದೇ ಅಡ್ಡಿ, ಬೆಣ್ಣೆದೋಸೆ. ತಿನ್ನದೆ ಬಂದವರಿಗೆ ಸಲಿಕೆ ಎತ್ತುವ ಶಕ್ತಿ ಇರುವುದಿಲ್ಲ, ತಿಂದು ಬಂದವರಿಗೆ ಬಗ್ಗುವ ಶಕ್ತಿ ಇರುವುದಿಲ್ಲ. ಹೀಗಾಗಿ ಎಲ್ಲರೂ ಮೇಲ್ವಿಚಾರಕರೇ. ಬಾಂಡ್ಲಿ ಹೊತ್ತದ್ದು ಮೇಸ್ತ್ರಿ, ಅವನ ಇಬ್ಬರು ಹುಡುಗರು, ಮತ್ತೆ ಹಾಲ್ ಹತ್ತಿರ ಮನೆಯಿರುವ ನಾನು.

ಮೊದಲ ವಾರವೇ ಸಾರವೆ ಕಟ್ಟುವ ವಿಚಾರಕ್ಕೆ ಸಭೆ ಸೇರಿತು. ಸ್ಕೌಟ್ ಅಂದಮೇಲೆ ಗಂಟು ಶಾಸ್ತ್ರೋಕ್ತವಾಗಿರಬೇಕಲ್ಲ? ಕ್ಲೋವ್ ಹಿಚ್‌ನಿಂದ ಶುರು ಮಾಡಿ, ಮೂರು ಸುತ್ತು ಹಾಕಿ, ನಡುವೆ ಬಿಗಿದು, ಮತ್ತೆ ಕ್ಲೋವ್ ಹಿಚ್‌ನಲ್ಲೇ ಮುಗಿಸಬೇಕು. ಮೊದಲು ಯಾವ ಬಿದಿರಿಗೆ ಕಟ್ಟಬೇಕು, ನಿಂತದ್ದಕ್ಕೋ ಅಡ್ಡದ್ದಕ್ಕೋ ಎಂದು ವಾದ ನಡೆಯುತ್ತಿದ್ದಾಗ ಮೇಸ್ತ್ರಿಯ ಹುಡುಗ ತೆಂಗಿನ ನಾರಿನ ಹಗ್ಗದಲ್ಲಿ ಹೆಸರಿಲ್ಲದ ಯಾವುದೋ ಗಂಟು ಹಾಕಿ ಮೇಲೆ ಹತ್ತಿ ಕೂತಿದ್ದ. ಕಾಲು ಆಡಿಸುತ್ತಾ ನಮ್ಮನ್ನೇ ನೋಡುತ್ತಿದ್ದ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅಣ್ಣಾರ ರಸಮಟ್ಟ.

ಅಣ್ಣಾರು ನಮ್ಮೆಲ್ಲರಿಗಿಂತ ಹಿರಿಯ ಸ್ಕೌಟ್. ನಿವೃತ್ತಿಯಾದ ಮೇಲೆ ಅವರ ಕೈಗೆ ಮಟ್ಟ ನೋಡುವ, ಒಳಗೆ ಗುಳ್ಳೆ ಓಡಾಡುವ ಒಂದು ಹಳದಿ ರಸಮಟ್ಟ ಬಂದಿದೆ. ಎಲ್ಲಿಂದ ಬಂತೋ, ಇಳಿದದ್ದನ್ನು ಮಾತ್ರ ನಾನು ನೋಡಿಲ್ಲ. ಬಲಗೈಯಲ್ಲಿ ಅದೇ ಇರುವುದರಿಂದ ಎಡಗೈ ಕುಲುಕುವ ಸ್ಕೌಟ್ ಪದ್ಧತಿ ಅವರಿಗೆ ಬಹಳ ಅನುಕೂಲ. ಬಂದವರೇ ಇಟ್ಟಿಗೆ ವರಸೆಯ ಮೇಲೆ ಅದನ್ನಿಟ್ಟು, ಕನ್ನಡಕ ಹಣೆಗೇರಿಸಿ, ಗುಳ್ಳೆಯನ್ನೇ ದಿಟ್ಟಿಸುತ್ತಾರೆ. ಎಲ್ಲರೂ ಉಸಿರು ಹಿಡಿಯಬೇಕು. "ಒಂದು ನೂಲು ಮೇಲೈತಿ."

ಇಂಚಿಗೆ ಎಂಟು ನೂಲು. ಒಂದು ನೂಲು ಗಾರೆಯಲ್ಲೇ ಮುಚ್ಚಿಹೋಗುತ್ತದೆ ಅಂತ ಮೇಸ್ತ್ರಿ ಹೇಳಿದ. ಅಣ್ಣಾರು ಒಪ್ಪಲಿಲ್ಲ. ಕಟ್ಟಿದ ಮೂರು ವರಸೆ ಬಿಚ್ಚಿಸಿದರು. ಅಷ್ಟರಲ್ಲಿ ಕಲಸಿಟ್ಟ ಮಾಲು ಬಿಗಿಯತೊಡಗಿತ್ತು, ಸಿಮೆಂಟಿಗೆ ಏನು ಅಣ್ಣಾರ ದಾಕ್ಷಿಣ್ಯವೇ? ಅದನ್ನು ಚೆಲ್ಲಿ ಮತ್ತೆ ಕಲಸಿದೆವು. ಆಮೇಲೆ ಚಟ ಹೆಚ್ಚಾಯಿತು. ಬೆಂಚಿನ ಮೇಲಿಟ್ಟರು, ಒಂದು ನೂಲು. ಧ್ವಜಕಂಬಕ್ಕೆ ಒರಗಿಸಿದರು, ಅರ್ಧ ನೂಲು. ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತರಿಸಿದಾಗ ತಟ್ಟೆ ಇಟ್ಟ ಹಲಗೆಯ ಮೇಲೂ ಇಟ್ಟು, ಕೆಳಗೊಂದು ಓಡಿನ ಚೂರು ತುರುಕಿಸಿ, "ಈಗ ತಿನ್ರಿ" ಅಂದರು. ಮಿರ್ಚಿ ಆರಿ ತಣ್ಣಗಾಗಿತ್ತು.

ನೆಲ ಹಾಕುವ ದಿನ ಬಂತು. ಹತ್ತಡಿಗೆ ಒಂದಿಂಚಿನಂತೆ ಹೊರಗಡೆಗೆ ವಾಟ ಕೊಡೋದು ಅಂತ ಮೇಸ್ತ್ರಿ ದಾರ ಕಟ್ಟಿದ್ದ. ಅಣ್ಣಾರು ರಸಮಟ್ಟ ಇಟ್ಟರು. ಗುಳ್ಳೆ ಗೋಡೆ ಕಡೆ ಓಡಿಹೋಯಿತು.

"ಏನಪ್ಪಾ, ಇಷ್ಟು ಸೊಟ್ಟ?"

"ಅದು ವಾಟ ಸಾರ್. ನೀರು ಹೋಗಬೇಕಲ್ರೀ."

"ನೀರು ಹೆಂಗಾರ ಹೋಗ್ತತಿ. ನೆಲ ಮಟ್ಟ ಇರಬೇಕು."

ನಾವ್ಯಾರೂ ಬಾಯಿ ಬಿಡಲಿಲ್ಲ. ಸ್ಕೌಟ್ ನಿಯಮಗಳು ಒಂಬತ್ತು. ಅದರಲ್ಲಿ ಸ್ಕೌಟ್ ವಿನಯಶೀಲ ಅಂತಲೂ ಇದೆ, ಧೈರ್ಯಶಾಲಿ ಅಂತಲೂ ಇದೆ. ಅವತ್ತು ವಿನಯ ಎಲ್ಲರಿಗೂ ಮೊದಲು ನೆನಪಾಯಿತು. ಮೇಸ್ತ್ರಿ ದಾರ ಬಿಚ್ಚಿ, ಗುಳ್ಳೆ ಹೇಳಿದಂತೆ ನೆಲ ಹಾಕಿ ಹೋದ.

ಇವತ್ತು ಪೊರಕೆ ಹಿಡಿದು ನಿಂತಾಗ ಕಣ್ಣಿಗೆ ಬಿದ್ದದ್ದು ಹಳೆಯ ಹಾಲ್‌ನ ನೆಲ. ಎರಚಲು ಬಡಿದು ಕಿಟಕಿಯಿಂದ ಅಲ್ಲಿಗೂ ನೀರು ಬಂದಿತ್ತು, ಬಂದದ್ದು ತಾನಾಗಿಯೇ ಬಾಗಿಲ ಕಡೆ ಹರಿದುಹೋಗಿತ್ತು. ಕೊಂಡಜ್ಜಿ ಕ್ಯಾಂಪಿಗೆ ಹೊರಡುವ ಹಿಂದಿನ ರಾತ್ರಿ ಹುಡುಗರೆಲ್ಲ ಅದೇ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ನಿದ್ದೆ ಬರುವಷ್ಟರಲ್ಲಿ ಯಾರದೋ ವಾಟರ್ ಬಾಟಲಿ ಗಡಗಡ ಉರುಳಿ ಬಾಗಿಲಿಗೆ ಬಡಿಯುತ್ತಿತ್ತು, ಎಲ್ಲರೂ ನಗುತ್ತಿದ್ದೆವು. ಮೇಷ್ಟ್ರು ಕತ್ತಲಲ್ಲೇ ಗದರುತ್ತಿದ್ದರು. ಆ ಇಳಿಜಾರನ್ನು ಒಬ್ಬರು ಲೆಕ್ಕ ಹಾಕಿ ಕೊಟ್ಟಿದ್ದರು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಆ ಮೇಸ್ತ್ರಿಯ ಹೆಸರು ಗೋಡೆಯ ಕಲ್ಲಿನ ಮೇಲಿಲ್ಲ. ಉದ್ಘಾಟಿಸಿದವರದು ಇದೆ.

ಒಂಬತ್ತಕ್ಕೆ ಅಣ್ಣಾರು ಬಂದರು, ರಸಮಟ್ಟ ಸಮೇತ. ನೀರು ನೋಡಿ ಬೇಜಾರಾಗುತ್ತಾರೆ ಅಂದುಕೊಂಡರೆ, ಸುತ್ತಲೂ ನಡೆದು ನಾಲ್ಕೂ ಮೂಲೆಯಲ್ಲಿ ಬೆರಳು ಅದ್ದಿ ಅಳೆದು, ಮುಖ ಅರಳಿಸಿದರು. "ನೋಡ್ರಿ, ಎಲ್ಲಾ ಕಡೆ ಅರ್ಧ ಇಂಚು! ಇದಕ್ಕಿಂತ ಮಟ್ಟ ಬೇಕೇನ್ರೀ? ಕ್ಯೂರಿಂಗೂ ತಾನೇ ಆಗ್ತತಿ."

ಮೇಸ್ತ್ರಿಗೆ ಫೋನ್ ಮಾಡಿದೆ. ಮೇಲೆ ಇನ್ನೊಂದು ಪದರ ಗಾರೆ ಎಳೆದು ವಾಟ ಕೊಡಬಹುದು, ಆದರೆ ಈ ಸಲ ಶ್ರಮದಾನ ಬೇಡ, ಕೂಲಿ ಬೇಕು ಅಂದ. ಇನ್ನೊಂದು ಷರತ್ತು, ಕೆಲಸ ನಡೆಯುವ ದಿನ "ಆ ಯಜಮಾನ್ರು" ಊರಲ್ಲಿ ಇರಬಾರದು. ಅವತ್ತೇ ಮಕ್ಕಳನ್ನು ಕೊಂಡಜ್ಜಿಗೆ ಕರೆದೊಯ್ಯುವುದು ಅಂತ ಉಳಿದವರೆಲ್ಲ ಸೇರಿ ಮೆಲ್ಲಗೆ ಗೊತ್ತು ಮಾಡಿದೆವು. ಹಿರಿಯರಾಗಿ ನೀವು ಜತೆಗಿರಲೇಬೇಕು ಅಂತ ಅಣ್ಣಾರನ್ನು ಕೇಳಿದಾಗ ಮೊದಲು ಸುಮ್ಮನಿದ್ದರು. ಆಮೇಲೆ ಚೀಲಕ್ಕೆ ರಸಮಟ್ಟ ಹಾಕಿಕೊಂಡರು.

"ಬರ್ತೀನಿ. ಅಲ್ಲಿನ ಕೆರೆ ಏರಿ ಮೇಲೆ ನನಗೆ ಮೊದ್ಲಿಂದ್ಲೂ ಅನುಮಾನ ಐತಿ."