ಕೆಡದ ಕಂಪ್ಯೂಟರನ್ನು ಮೂಲೆಗೆ ತಳ್ಳಿದ ಮೈಕ್ರೋಸಾಫ್ಟ್

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹತ್ತು ವರ್ಷ ನಡೆಸಿದ್ದಾರಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಹತ್ತು ವರ್ಷ ಕಡಿಮೆಯಾಯಿತು ಎಂದು ನಾನು ಹೇಳುತ್ತಿಲ್ಲ. ವಿಂಡೋಸ್ 11ಕ್ಕೆ ಹೋಗಿ ಎಂದು ಹೇಳುತ್ತಲೇ ಹೋಗುವ ದಾರಿಗೆ ಬೇಲಿ ಹಾಕಿದರಲ್ಲ, ನನ್ನ ಸಿಟ್ಟು ಅದರ ಮೇಲೆ.

ನಮ್ಮ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿ, ವಕೀಲರ ಕಚೇರಿ, ಶಾಲೆಯ ಲ್ಯಾಬ್ ಎಲ್ಲಿಗೆ ಹೋದರೂ 2016, 2017ರಲ್ಲಿ ಕೊಂಡ ಕಂಪ್ಯೂಟರ್‌ಗಳು ಕಾಣುತ್ತವೆ. ಇಂಟೆಲ್‌ನ ಆರನೇ ಅಥವಾ ಏಳನೇ ತಲೆಮಾರಿನ ಪ್ರೊಸೆಸರ್. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಇವತ್ತಿಗೂ ಚುರುಕಾಗಿ ಕೆಲಸ ಮಾಡುತ್ತವೆ. ಆದರೆ ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ, ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ, ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ.

ಇದಕ್ಕೆ ಕಂಪನಿ ಕೊಡುವ ಕಾರಣ ಭದ್ರತೆ. ಟಿಪಿಎಂ 2.0 ಎಂಬ ವ್ಯವಸ್ಥೆ ಇರಲೇಬೇಕು. ಡಿಸ್ಕಿನ ಗೂಢಲಿಪಿಯ ಕೀಲಿಗಳನ್ನು ಅದು ಕಾಪಾಡುತ್ತದೆ. ಒಳ್ಳೆಯದೇ. ಆದರೆ ಏಳನೇ ತಲೆಮಾರಿನ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ 2.0 ಯಂತ್ರದ ಮೂಲ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲೇ ಇದೆ, ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪರದೆ ಬಯಾಸ್‌ಗೆ ಹೋಗಿ ಚಾಲೂ ಮಾಡಿದರೆ ಸಾಕು. ಆಮೇಲೂ ಬಾಗಿಲು ತೆರೆಯುವುದಿಲ್ಲ, ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ. ಪಟ್ಟಿಯಲ್ಲಿಲ್ಲದ ಪ್ರೊಸೆಸರ್ ಇರುವವರೂ ವಿಂಡೋಸ್ 11ಕ್ಕೆ ಹೋಗುವಂತೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಮಾಡಬೇಕಾದ ಬದಲಾವಣೆಯನ್ನು ಕೆಲವು ಕಾಲ ಸ್ವತಃ ಮೈಕ್ರೋಸಾಫ್ಟ್‌ನ ಸಹಾಯ ಪುಟವೇ ವಿವರಿಸುತ್ತಿತ್ತು. 2025ರ ಆರಂಭದ ಹೊತ್ತಿಗೆ ಆ ಸಾಲುಗಳನ್ನು ಅಳಿಸಿದರು. ಯಂತ್ರಕ್ಕೆ ಶಕ್ತಿ ಇಲ್ಲದಿದ್ದರೆ ಆ ಉಪಾಯವನ್ನು ಅವರೇ ಏಕೆ ಹೇಳಿಕೊಡುತ್ತಿದ್ದರು?

ಇನ್ನೂ ಒಂದು ಸಂಗತಿ ಇದೆ. 2021ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿದಾಗ ಏಳನೇ ತಲೆಮಾರಿನ ಒಂದು ಪ್ರೊಸೆಸರ್‌ಗೆ ಜಾಗ ಸಿಕ್ಕಿತು: ಕೋರ್ ಐ7 7820ಎಚ್‌ಕ್ಯೂ. ಮೈಕ್ರೋಸಾಫ್ಟ್ ತಾನೇ ಮಾರಿದ ದುಬಾರಿ ಕಂಪ್ಯೂಟರ್ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಅದೇ. ಅದರ ಡ್ರೈವರ್‌ಗಳು, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳು, ಆಧುನಿಕ ವಿನ್ಯಾಸದವು ಎಂದು ಸಮರ್ಥನೆಯನ್ನೂ ಕೊಟ್ಟರು. ಅದೇ ತಲೆಮಾರಿನ ಐ5 ಇಟ್ಟುಕೊಂಡ ಶಾಲೆಗೆ ಮಾತ್ರ ಹೊಸದು ಕೊಳ್ಳಿ ಎಂಬ ಉತ್ತರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದರೆ ಇದೇ.

ಹೆಚ್ಚುವರಿ ಒಂದು ವರ್ಷದ ಭದ್ರತಾ ಅಪ್‌ಡೇಟ್‌ಗಳ ವಿಷಯದಲ್ಲೂ ಹೀಗೇ ಆಯಿತು. 30 ಡಾಲರ್ ಕಟ್ಟಬೇಕು, ಇಲ್ಲವೇ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಒಪ್ಪಿಸಬೇಕು, ಅದೂ ಬೇಡವಾದರೆ ಅವರ ರಿವಾರ್ಡ್ಸ್ ಯೋಜನೆಯ 1000 ಅಂಕ ಕೊಡಬೇಕು. ಯುರೋಪಿನಲ್ಲಿ ಗ್ರಾಹಕರ ಸಂಘಟನೆಯೊಂದು ಪಟ್ಟು ಹಿಡಿದ ಮೇಲೆ ಅಲ್ಲಿನವರಿಗೆ ಹಣವೂ ಬೇಡ, ಬ್ಯಾಕಪ್ಪೂ ಬೇಡ, ಖಾತೆಯೊಂದಿದ್ದರೆ ಸಾಕು ಎಂದರು. ನಮಗೆ ಆ ರಿಯಾಯಿತಿ ಬರಲಿಲ್ಲ. ಭಾರತದ ಗ್ರಾಹಕ ಸಂಘಟನೆಗಳು ಇದನ್ನು ಕೈಗೆತ್ತಿಕೊಂಡು ಕೇಳಬೇಕಿತ್ತು. ಈಗಲಾದರೂ ಕೇಳಬೇಕು.

ಹೊಸ ಕಂಪ್ಯೂಟರನ್ನೇ ಕೊಂಡಿರಿ ಎನ್ನೋಣ. ವಿಂಡೋಸ್ 11 ಹೋಮ್ ಮೊದಲ ಸಲ ಚಾಲೂ ಆಗುವಾಗ ಇಂಟರ್ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಖಾತೆ ಬೇಡ ಎನ್ನುವ ಬಟನ್ ಆ ಪರದೆಯಲ್ಲಿ ಎಲ್ಲೂ ಇಲ್ಲ. ತಿಳಿದವರು ಶಿಫ್ಟ್ ಮತ್ತು ಎಫ್10 ಒತ್ತಿ ಕಪ್ಪು ಕಿಟಕಿ ತೆರೆದು ಒಂದು ಕಮಾಂಡ್ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದರು. 2025ರಲ್ಲಿ ಪರೀಕ್ಷಾ ಆವೃತ್ತಿಗಳಿಂದ ಆ ಕಮಾಂಡನ್ನೂ ಕಿತ್ತುಹಾಕಿದರು.

ಖಾತೆ ಬಂದ ಹಿಂದೆಯೇ ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಬರುತ್ತದೆ. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಅದರ ಹೊಟ್ಟೆ ಸೇರುತ್ತವೆ. ಉಚಿತ ಜಾಗ 5 ಜಿಬಿ. ಒಂದು ಮದುವೆಯ ಫೋಟೋಗಳಿಗೂ ಸಾಲದು. ತುಂಬಿತು, ಹಣ ಕಟ್ಟಿ ಎಂಬ ಸೂಚನೆಗಳು ಶುರುವಾಗುತ್ತವೆ. ಬೇಸತ್ತು ಬ್ಯಾಕಪ್ ನಿಲ್ಲಿಸಿದವರ ಡೆಸ್ಕ್‌ಟಾಪ್ ಖಾಲಿಯಾಗಿ ಕಂಡದ್ದುಂಟು, ಫೈಲುಗಳು ಎಲ್ಲಿವೆ ಎಂದು ತಿಳಿಸುವ ಒಂದು ಶಾರ್ಟ್‌ಕಟ್ ಮಾತ್ರ ಅಲ್ಲಿ ಉಳಿದು. ಫೈಲುಗಳು ಅಳಿದಿರುವುದಿಲ್ಲ, ಒನ್‌ಡ್ರೈವ್ ಫೋಲ್ಡರಿನೊಳಗೇ ಇರುತ್ತವೆ. ಅದು ಗೊತ್ತಿಲ್ಲದ ಅರವತ್ತು ದಾಟಿದ ಮೇಷ್ಟರ ಪಾಡನ್ನು ಯೋಚಿಸಿ. ಜೀವಮಾನದ ಬರಹ ಹೋಯಿತೆಂದು ಎದೆ ಹಿಡಿದು ಕೂರುತ್ತಾರೆ. ಇಂಥ ಕಡೆ ಒಂದು ಸ್ಪಷ್ಟ ಪ್ರಶ್ನೆ ಕೇಳಿ ಒಪ್ಪಿಗೆ ಪಡೆಯಲು ಇಷ್ಟು ದೊಡ್ಡ ಕಂಪನಿಗೆ ಏನು ಕಷ್ಟ?

ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಡುವ ವಿಂಡೋಸ್ 11ರ ಸೌಲಭ್ಯ ರೀಕಾಲ್ ಕೂಡ ಇದೇ ಜಾಡಿನದು. 2024ರ ಮೇ ತಿಂಗಳಲ್ಲಿ ಘೋಷಿಸಿದಾಗ ಭದ್ರತಾ ತಜ್ಞರು ಹುಯಿಲೆಬ್ಬಿಸದೇ ಹೋಗಿದ್ದರೆ, ನಾವು ಒಪ್ಪಿದರಷ್ಟೇ ಚಾಲೂ ಆಗುವ ಈಗಿನ ಸ್ಥಿತಿಗೆ ಅದು ಬರುತ್ತಿರಲಿಲ್ಲ.

ಈ ಕಂಪನಿಯ ಉಪಕಾರವನ್ನು ನಾನು ಮರೆತಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಫಾಂಟ್ ಬಂತು, ಕನ್ನಡ ಯುನಿಕೋಡ್ ಮನೆಮನೆಯ ಕಂಪ್ಯೂಟರಿಗೆ ಬಂತು. ಇದರ ಮುಖ್ಯಸ್ಥ ಸತ್ಯ ನಾದೆಲ್ಲ ಓದಿದ್ದು ನಮ್ಮ ಮಣಿಪಾಲದಲ್ಲಿ. ಆದರೆ ನಾವು ವಿಂಡೋಸ್‌ಗೆ ಎಷ್ಟು ಆಳವಾಗಿ ಕಟ್ಟುಬಿದ್ದಿದ್ದೇವೆ ಎಂಬುದನ್ನೂ ನೋಡಬೇಕು. ನಮ್ಮ ಮುದ್ರಣಾಲಯಗಳಲ್ಲಿ ಇಂದಿಗೂ ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇದೆ, ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ರಾಶಿ ರಾಶಿ ಫೈಲುಗಳಿವೆ. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆ ಅವರ ಪಾಲಿಗೆ ಬರೀ ಮಾತು. ಬಿಟ್ಟುಹೋಗಲಾಗದ ಗಿರಾಕಿಯನ್ನು ಇನ್ನಷ್ಟು ಜವಾಬ್ದಾರಿಯಿಂದ ನಡೆಸಿಕೊಳ್ಳಬೇಕಾದದ್ದು ಮಾರಿದವರ ಧರ್ಮ.

ಬರೀ ಬ್ರೌಸರ್, ಪತ್ರ, ಲೆಕ್ಕ ಎನ್ನುವ ಮನೆಗಳು ಮತ್ತು ಶಾಲೆಗಳ ಮಾತು ಬೇರೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಏಳನೇ ತಲೆಮಾರಿನ ಯಂತ್ರದಲ್ಲಿ ಸಲೀಸಾಗಿ ಓಡುತ್ತದೆ, ಟೈಪಿಂಗ್ ತಂತ್ರಾಂಶ ಐಬಸ್ ಇದ್ದರೆ ಕನ್ನಡ ಟೈಪಿಂಗ್‌ಗೂ ತೊಂದರೆ ಇಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಇರುವವರು ದಯವಿಟ್ಟು ಲ್ಯಾಬಿನ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಲು ಸಹಿ ಮಾಡುವ ಮೊದಲು ಒಂದೇ ಒಂದರಲ್ಲಿ ಪೆನ್‌ಡ್ರೈವ್‌ನಿಂದ ಮಿಂಟ್ ಚಾಲೂ ಮಾಡಿ ನೋಡಿ. ಆ ಹಂತದಲ್ಲಿ ಏನನ್ನೂ ಅಳಿಸಬೇಕಿಲ್ಲ, ಖರ್ಚೂ ಇಲ್ಲ. ಹಳೆಯ ನುಡಿ ಫೈಲುಗಳಿದ್ದರೆ ಮೊದಲು ಯುನಿಕೋಡ್‌ಗೆ ಬದಲಾಯಿಸಿ, ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟುಕೊಂಡು ಆಮೇಲೆ ಮುಂದುವರಿಯಿರಿ.