ಸತ್ಯಾಂಶ: ಬತ್ತಿದ ಬೋರ್‌ವೆಲ್‌ಗೆ ಸೆಪ್ಟಿಕ್ ಟ್ಯಾಂಕ್ ನೀರು ಬಿಡಬಹುದೇ?

'ಬತ್ತಿದ ಬೋರ್‌ವೆಲ್‌ಗೆ ಸೆಪ್ಟಿಕ್ ಟ್ಯಾಂಕ್ ನೀರು ಬಿಡಿ, ಅಂತರ್ಜಲವೂ ಏರುತ್ತದೆ, ಖಾಲಿ ಮಾಡಿಸುವ ಖರ್ಚೂ ಇಲ್ಲ' ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಕೊಳೆ ನೀರನ್ನು ಸೋಸುವುದು ಮೇಲ್ಮಣ್ಣು ಮತ್ತು ಅದರಲ್ಲಿರುವ ಸೂಕ್ಷ್ಮಜೀವಿಗಳು. ಬೋರ್‌ವೆಲ್‌ಗೆ ಬಿಟ್ಟ ನೀರಿಗೆ ಆ ಮಣ್ಣೇ ಸಿಗುವುದಿಲ್ಲ. ಕೋಲಾರದ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಅದೇ ಬಿರುಕು ಹಿಡಿದು ನಿಮ್ಮ ಮನೆಯ ಕೊಳೆ ಪಕ್ಕದ ತೋಟದ ಬೋರ್ ಸೇರಬಹುದು, ಅಲ್ವಾ? ಕೊಳೆ ನೀರಿನಿಂದ ಅಂತರ್ಜಲಕ್ಕೆ ನೈಟ್ರೇಟ್ ಎಂಬ ಲವಣವೂ ಸೇರಬಹುದು. ಲೀಟರಿಗೆ 45 ಮಿಲಿಗ್ರಾಂಗಿಂತ ಜಾಸ್ತಿ ನೈಟ್ರೇಟ್ ಇದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಹಸುಗೂಸುಗಳಿಗಂತೂ ತುಂಬಾ ಅಪಾಯ.

ಟ್ಯಾಂಕಿನಿಂದ ಹೊರಬರುವ ನೀರಿಗೆ ಇಂಗುಗುಂಡಿ ಮಾಡಿಸಿ, ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿ. 2-3 ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ ಹೂಳು ತೆಗೆಸಿ.