ಕಿಟಕಿಯ ಒಳರೋಗಿ

36 ವರ್ಷ ಲೆಕ್ಕಪರಿಶೋಧನೆಯ ಕೆಲಸ ಮಾಡಿದವನನ್ನು ಶಾಲು, ಹಾರ, ತೆಂಗಿನಕಾಯಿ ಕೊಟ್ಟು ಮನೆಗೆ ಕಳುಹಿಸುವುದು ವಾಡಿಕೆ. ನನ್ನ ಕಚೇರಿಯ ಕಿರಿಯರು ಇವುಗಳ ಜೊತೆಗೆ, ಹೊಳೆಯುವ ಬಿಳಿ ಪಿಂಗಾಣಿ ಕುಂಡದಲ್ಲಿ ಕೂರಿಸಿದ ಆಫ್ರಿಕನ್ ವಯೊಲೆಟ್ ಗಿಡವೊಂದನ್ನೂ ಕೊಟ್ಟರು. ಏಪ್ರಿಲ್ ಕೊನೆಯ ಆ ಸಂಜೆ ಅದನ್ನು ಎದೆಗವಚಿಕೊಂಡು ಮುಂಬಯಿಯಲ್ಲಿ ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲು ಹತ್ತಿದೆ. ದಾದರಿನ ತನಕ ಗಿಡ ಎದೆಯ ಮಟ್ಟದಲ್ಲಿತ್ತು, ಕುರ್ಲಾದಲ್ಲಿ ತಲೆಯ ಮಟ್ಟಕ್ಕೆ ಏರಿತು, ಘಾಟ್ಕೋಪರಿನಲ್ಲಿ ಹತ್ತಿದ ಜನರ ನೂಕಿಗೆ ಎರಡು ಎಲೆಗಳು ತೊಟ್ಟಿನ ಬುಡಕ್ಕೇ ಮುರಿದು ಒಬ್ಬ ಸಜ್ಜನರ ಭುಜದ ಮೇಲೆ ಬಿದ್ದವು. ಅವರು ಅವನ್ನು ಕೊಡವಿಹಾಕಿದರು, ನಾನು ಕ್ಷಮೆ ಕೇಳಿದೆ.

ಗಿಡದ ಪೂರ್ವಾಪರವನ್ನು ಓದಿಕೊಂಡದ್ದು ಮನೆಗೆ ಬಂದ ಮೇಲೆ. ಹೆಸರಿನಲ್ಲಿ ವಯೊಲೆಟ್ ಇದ್ದರೂ ನಿಜವಾದ ವಯೊಲೆಟ್ ಹೂವಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದರ ತವರು ಇಂದಿನ ಟಾಂಜಾನಿಯಾದ ಉಸಂಬರ ಬೆಟ್ಟಗಳ ನೆರಳು. 1892ರಲ್ಲಿ ಅಲ್ಲಿ ಜರ್ಮನ್ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬವರ ಕಣ್ಣಿಗೆ ಬಿದ್ದು, ಅವರ ತಂದೆಯ ಮೂಲಕ ಜರ್ಮನಿಯ ಸಸ್ಯತಜ್ಞ ಹರ್ಮನ್ ವೆಂಡ್‌ಲಾಂಡ್ ಅವರನ್ನು ತಲುಪಿ, 1893ರಲ್ಲಿ ಸೇಂಟ್‌ಪೌಲಿಯಾ ಎಂದು ನಾಮಕರಣಗೊಂಡಿತು. ಈಚೆಗೆ ಸಸ್ಯವಿಜ್ಞಾನಿಗಳು ಇದನ್ನು ಸ್ಟ್ರೆಪ್ಟೊಕಾರ್ಪಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ, ಮದುವೆಯಾದ ಹೆಣ್ಣಿನ ಗೋತ್ರ ಬದಲಾದ ಹಾಗೆ. 18ರಿಂದ 24 ಡಿಗ್ರಿಯ ಹವೆ ಇದಕ್ಕೆ ಹಿತವೆಂದು ಓದಿದಾಗ ನಮ್ಮ ಗೋಡೆಯ ಉಷ್ಣಮಾಪಕ 35 ತೋರಿಸುತ್ತಿತ್ತು.

ಆ 35 ಡಿಗ್ರಿಯೇ ನನ್ನ ಮೊದಲ ತಪ್ಪಿಗೆ ಕಾರಣ. ಮೇ ತಿಂಗಳ ಸೆಕೆಯಲ್ಲಿ ನಾನು ಫ್ರಿಜ್ಜಿನ ನೀರು ಕುಡಿಯುತ್ತಿರುವಾಗ ಎದುರಿಗಿರುವ ಗಿಡಕ್ಕೆ ನಲ್ಲಿಯ ಬಿಸಿನೀರು ಕೊಡುವುದು ಮನುಷ್ಯತ್ವವಲ್ಲವೆನಿಸಿ, ಅದೇ ಬಾಟಲಿಯಿಂದ ಎಲೆಗಳ ಮೇಲೂ ತಣ್ಣಗೆ ಚಿಮುಕಿಸಿದೆ. ಎರಡು ದಿನಗಳಲ್ಲಿ ಮಖಮಲ್ಲಿನಂಥ ಎಲೆಗಳ ಮೇಲೆ ಹಳದಿ ಉಂಗುರಗಳು ಮೂಡಿದವು. ಲೆಕ್ಕದ ಪುಸ್ತಕದಲ್ಲಿ ಕಳ್ಳನನ್ನು ಹಿಡಿದು ಅಭ್ಯಾಸವಿದ್ದ ನಾನು ಭೂತಗನ್ನಡಿಯಲ್ಲಿ ನೋಡಿ, ಇದು ಹುಳುಕಡ್ಡಿ, ಅಂದರೆ ಗಜಕರ್ಣವೆಂದು ನಿರ್ಧರಿಸಿ, ಅರಿಸಿನ ಕಲಸಿದ ನೀರನ್ನು ಹಳೆಯ ಶೇವಿಂಗ್ ಬ್ರಷ್ಷಿನಿಂದ ಹಚ್ಚಿದೆ. ರೋಮವಿರುವ ಎಲೆಗೆ ಹತ್ತಿದ ಅರಿಸಿನ ಮತ್ತೆ ಹೋಗುವುದಿಲ್ಲ. ಅಲ್ಲಿಂದ ಮುಂದೆ ನನ್ನ ಎಲ್ಲ ತಪಾಸಣೆಗಳೂ ಕಾಮಾಲೆಯ ಬಣ್ಣದ ಹಿನ್ನೆಲೆಯಲ್ಲಿಯೇ ನಡೆಯಬೇಕಾಯಿತು.

ನಿಜವಾದ ಕಾರಣ ತಿಳಿದದ್ದು ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ, ಒಂದು ಉಪನ್ಯಾಸ ಮುಗಿದು ಕಾಫಿಗೆ ನಿಂತಿದ್ದಾಗ. ಕೈತೋಟದ ಹುಚ್ಚಿನ ಹಿರಿಯ ಮಹಿಳೆಯೊಬ್ಬರು ನನ್ನ ವರದಿಯನ್ನೆಲ್ಲ ಕೇಳಿ, “ತಣ್ಣೀರು ಹಾಕಿದ್ರಾ?” ಎಂದು ಒಂದೇ ಪ್ರಶ್ನೆ ಕೇಳಿದರು. ಬೆಚ್ಚಗಿರುವ ಎಲೆಯ ಮೇಲೆ ತೀರಾ ತಣ್ಣಗಿನ ಹನಿ ಬಿದ್ದರೆ ಮೇಲ್ಪದರದ ಕೆಳಗಿನ ಜೀವಕೋಶಗಳು ಹಾಳಾಗಿ ಅಷ್ಟು ಜಾಗದ ಹಸಿರು ಹೋಗಿಬಿಡುತ್ತದೆ, ಅದು ಅಂಟುವ ರೋಗವಲ್ಲ, ಆ ಎಲೆ ಮೊದಲಿನಂತೆ ಆಗುವುದಿಲ್ಲ, ಹೊಸ ಎಲೆ ಮಾತ್ರ ಚೆನ್ನಾಗಿಯೇ ಬರುತ್ತದೆ ಎಂದರು. ಅರಿಸಿನದ ವಿಷಯವನ್ನು ನಾನು ಅವರಿಗೆ ಹೇಳಲಿಲ್ಲ.

ಎರಡನೆಯ ರೋಗ ಬಿಳಿ ಪುಡಿ. ಈ ಬಾರಿ ನಾನು ಓದಿಕೊಂಡೇ ಸಿದ್ಧನಾಗಿದ್ದೆ: ಗಾಳಿಯಾಡದ ಜಾಗದಲ್ಲಿ ಎಲೆ, ಹೂದೊಟ್ಟುಗಳ ಮೇಲೆ ಹಿಟ್ಟು ಉದುರಿಸಿದಂತೆ ಕಾಣುವುದು ಬೂದಿರೋಗ, ಅದು ಶಿಲೀಂಧ್ರದ್ದು; ಎಲೆಯ ಸಂದಿಯಲ್ಲಿ ಹತ್ತಿಯ ಉಂಡೆಯಂತೆ ಕೂತಿದ್ದರೆ ಅದು ಹಿಟ್ಟುತಿಗಣೆ, ಅಂದರೆ ಕೀಟದ್ದು. ಉಂಡೆ ಕಾಣಲಿಲ್ಲ, ಆದ್ದರಿಂದ ಬೂದಿರೋಗ. ರೋಗಿಯನ್ನು ಪ್ರತ್ಯೇಕವಾಗಿಡಬೇಕೆಂದು ಗಿಡವನ್ನು ಸ್ನಾನದ ಮನೆಗೆ ಸಾಗಿಸಿ, ಪುಡಿಯನ್ನು ಅದೇ ಬ್ರಷ್ಷಿನಿಂದ ಒರೆಸಿದೆ. ಮರುದಿನ ಪುಡಿಯಿಲ್ಲ. ನನ್ನ ಚಿಕಿತ್ಸೆಯ ಬಗ್ಗೆ ನನಗೇ ಗೌರವ ಮೂಡಿ, ಗಿಡವನ್ನು ಕಿಟಕಿಗೆ ಮರಳಿಸಿದೆ. ಸಂಜೆ ಮತ್ತೆ ಪುಡಿ. ಹೀಗೆ ನಾಲ್ಕು ದಿನ ದಾಖಲು, ಬಿಡುಗಡೆ ನಡೆದ ಮೇಲೆ ಸೊಸೆ ಮೆಲ್ಲಗೆ, “ಮಾವ, ಪುಟ್ಟ ದಿನಾ ಅಲ್ಲೇ ಕೂತು ಕೇರಂ ಆಡ್ತಾನೆ” ಎಂದಳು. ರಜೆಯಲ್ಲಿದ್ದ ಮೊಮ್ಮಗ ಪ್ರತಿ ಆಟಕ್ಕೂ ಮುಂಚೆ ಬೋರ್ಡಿನ ಮೇಲೆ ಧಾರಾಳವಾಗಿ ಪುಡಿ ಚೆಲ್ಲಿ, ಹೆಚ್ಚಾದದ್ದನ್ನು ಕಿಟಕಿಯ ಕಡೆಗೆ ಊದುತ್ತಿದ್ದ.

ಮೂರನೆಯದು ಮಾತ್ರ ನಿಜವಾದ ಕಾಯಿಲೆ. ಮಳೆಗಾಲ ಹಿಡಿದು, ಬಟ್ಟೆಯೇ ಮೂರು ದಿನ ಒಣಗದ ಜುಲೈ ತಿಂಗಳಲ್ಲಿ, ಗಿಡದ ಎಲೆಗಳು ಒಂದೊಂದಾಗಿ ಸೋತು ಕುಂಡದ ಅಂಚಿನ ಮೇಲೆ ಮಲಗಿದವು. ಬಾಡಿದೆ ಎಂದರೆ ಬಾಯಾರಿದೆ, ಇದಕ್ಕೆ ಗ್ರಂಥವೇಕೆ? ನಾನು ನೀರು ಹಾಕಿದೆ. ಇನ್ನಷ್ಟು ಬಾಡಿತು, ಇನ್ನಷ್ಟು ಹಾಕಿದೆ. ಈ ಗಿಡದ ದೊಡ್ಡ ಮೋಸವೇ ಇದು: ನೀರಿಲ್ಲದೆ ಒಣಗುವಾಗ ಯಾವ ಮುಖ ಮಾಡುತ್ತದೆಯೋ, ನೀರು ಹೆಚ್ಚಾಗಿ ಕೊಳೆಯುವಾಗಲೂ ಅದೇ ಮುಖ ಮಾಡುತ್ತದೆ. ನೆನೆದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ, ಅದು ಕೊಳೆತು, ಸುತ್ತಲೂ ನೀರಿದ್ದರೂ ಹೀರಿಕೊಳ್ಳಲಾರದ ಸ್ಥಿತಿಗೆ ಬರುತ್ತದೆ. ಎರಡಕ್ಕೂ ವ್ಯತ್ಯಾಸ ತಿಳಿಯಲು ಮಣ್ಣಿಗೆ ಒಂದು ಬೆರಳು ಊರಿದರೆ ಸಾಕು. ತಿಜೋರಿ ತೆರೆದು ನೋಡದೆ ಲೆಕ್ಕಕ್ಕೆ ಸಹಿ ಹಾಕಿದ ಎಷ್ಟೋ ಜನರನ್ನು ವೃತ್ತಿಯುದ್ದಕ್ಕೂ ಗದರಿಸಿದ ನಾನು ಆ ಬೆರಳನ್ನು ಊರಲಿಲ್ಲ.

ಕೊನೆಗೆ ರೋಗ ಪತ್ತೆ ಮಾಡಿದವರು ಬೇರೆಯದೇ ರೋಗವನ್ನು ಹುಡುಕಿಕೊಂಡು ಬಂದವರು. ಆಗಸ್ಟಿನ ಒಂದು ಬೆಳಿಗ್ಗೆ, ಡೆಂಗಿಯ ಸೊಳ್ಳೆಮರಿ ಪರೀಕ್ಷಿಸಲು ಪಾಲಿಕೆಯ ಕಾರ್ಯಕರ್ತೆಯೊಬ್ಬರು ಟಾರ್ಚು ಹಿಡಿದು ಮನೆಗೆ ಬಂದರು. ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿದರು, ಕೂಲರಿಲ್ಲವೆಂದು ಬರೆದುಕೊಂಡರು, ನೇರವಾಗಿ ಕಿಟಕಿಗೆ ಹೋಗಿ ನನ್ನ ರೋಗಿಯನ್ನು ಕತ್ತು ಹಿಡಿದು ಎತ್ತಿದರು. ಆಗಲೇ ನನಗೆ ತಿಳಿದದ್ದು, ಗಿಡವಿದ್ದದ್ದು ಒಳಗಿನ ಚಿಕ್ಕ ಪ್ಲಾಸ್ಟಿಕ್ ಕುಂಡದಲ್ಲಿ, ಹೊರಗಿನ ಪಿಂಗಾಣಿ ಕೇವಲ ಅಲಂಕಾರ, ಅದಕ್ಕೆ ತಳದಲ್ಲಿ ತೂತೇ ಇಲ್ಲ ಎಂಬುದು. “ಕಾಕಾ, ಪಾಣೀ ಸಾಚಲಂಯ್!” (ನೀರು ನಿಂತಿದೆ) ಎಂದು ಅವರು ಮರಾಠಿಯಲ್ಲಿ ಹೇಳಿ ಟಾರ್ಚು ಬಿಟ್ಟರು. ನಾಲ್ಕು ಬೆರಳು ನೀರಿನಲ್ಲಿ ಸೊಳ್ಳೆಯ ಮರಿಗಳು ಆರೋಗ್ಯವಾಗಿ ಈಜಾಡುತ್ತಿದ್ದವು. ಇಡೀ ಕುಂಡದಲ್ಲಿ ನನ್ನ ಆರೈಕೆಯಿಂದ ಉದ್ಧಾರವಾದವು ಅವು ಮಾತ್ರ.

ಅವರು ಹೋದ ಮೇಲೆ ಗಿಡವನ್ನು ಕುಂಡದಿಂದ ಕಳಚಿದೆವು. ಬಿಳಿಯಾಗಿರಬೇಕಾದ ಬೇರು ಕಂದಾಗಿ, ಮುಟ್ಟಿದರೆ ಜಾರುವಂತಿತ್ತು, ನಡುಸುಳಿಯೂ ಮೆತ್ತಗಾಗಿತ್ತು. ಮರಣೋತ್ತರ ವಿಚಾರಣೆಯಲ್ಲಿ ಎಲ್ಲವೂ ಹೊರಬಿತ್ತು. ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಲೋಟ ಹಾಕುತ್ತಿದ್ದಳು. ನನ್ನ ಹೆಂಡತಿ ದೇವರ ಅಭಿಷೇಕದ ನೀರನ್ನು ತುಳಸಿಗೆ ಅರ್ಧ, ಇದಕ್ಕೆ ಅರ್ಧ ಹಂಚುತ್ತಿದ್ದಳು. ಮೊಮ್ಮಗ ಶಾಲೆಯ ಬಾಟಲಿಯಲ್ಲಿ ಉಳಿದದ್ದನ್ನು, ಅಮ್ಮನಿಗೆ ತಿಳಿಯದಿರಲೆಂದು, ಅಲ್ಲಿಯೇ ಸುರಿಯುತ್ತಿದ್ದ. ಸಂಜೆಯ ಪಾಳಿ ನನ್ನದು. “ನೀವೇನು ರೀ, ಹಾಕೋದೇ ಇಲ್ಲವೇನೋ ಅಂದುಕೊಂಡಿದ್ದೆ” ಎಂದಳು ಹೆಂಡತಿ.

ಹೊರಸುತ್ತಿನಲ್ಲಿ ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ಎಲೆಯನ್ನು, ಎರಡು ಸೆಂಟಿಮೀಟರಿನಷ್ಟು ತೊಟ್ಟು ಬಿಟ್ಟು ಓರೆಯಾಗಿ ಕತ್ತರಿಸಿ, ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿ ಮತ್ತು ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಬೆರೆಸಿ ತುಂಬಿದ ಶ್ರೀಖಂಡದ ಡಬ್ಬಿಯಲ್ಲಿ ನೆಟ್ಟೆವು. ತಳಕ್ಕೆ ಕಾದ ಮೊಳೆಯಿಂದ ತೂತು ಹಾಕುವ ಕೆಲಸವನ್ನು ನಾನೇ ಮಾಡಿದೆ. ಬೇಕಾದದ್ದು ನಾಲ್ಕು, ಹಾಕಿದ್ದು ಹನ್ನೊಂದು. ಈ ಗಿಡದ ಒಂದು ಎಲೆಯಿಂದಲೇ ಹೊಸ ಗಿಡ ಹುಟ್ಟುತ್ತದೆ ಎಂಬುದು ಗೊತ್ತಾದಾಗ ಘಾಟ್ಕೋಪರಿನ ಆ ಸಜ್ಜನರು ಕೊಡವಿದ ಎರಡು ಎಲೆಗಳು ನೆನಪಾಗಿ ಹೊಟ್ಟೆ ಉರಿಯಿತು. ಹತ್ತು ವಾರಗಳ ನಂತರ ತೊಟ್ಟಿನ ಬುಡದಲ್ಲಿ ಇಲಿಯ ಕಿವಿಯಷ್ಟು ಚಿಕ್ಕ ಎಲೆಗಳು ಕಾಣಿಸಿಕೊಂಡವು, ಉಂಗುರವಿಲ್ಲದ, ಅರಿಸಿನವಿಲ್ಲದ ಎಲೆಗಳು.

ಈಗ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು, ಹಾಕಿದವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಬೇಕೆಂಬ ನಿಯಮ ಮಾಡಿದ್ದೇವೆ. ಕಳೆದ ವಾರದ ಲೆಕ್ಕವನ್ನು ನಿನ್ನೆ ಪರಿಶೋಧಿಸಿದೆ. ಒಂದು ಗೆರೆ ಇರಬೇಕಾದಲ್ಲಿ ಮೂರು ಇದ್ದವು. ಅವುಗಳಲ್ಲಿ ಎರಡು ನಾನು ಎಳೆದವು.